ಮಡಿವಾಳೆಪ್ಪ ಮುಚ್ಚಿದ ಕೊನೆಯ ಹಗೇವು

ಕುಬಿಹಾಳದ ಮಡಿವಾಳೆಪ್ಪ ಆ ವರ್ಷ ಹಗೇವು ತುಂಬಿ ಮುಚ್ಚುವುದಕ್ಕೆ ಮಾಡಿದ ಖರ್ಚು ಹದಿಮೂರು ರೂಪಾಯಿ. ಆಳುಗಳ ಕೂಲಿ ಹತ್ತು, ಕೆರೆಯ ಮಣ್ಣು ತಂದ ಬಂಡಿಗೆ ಎರಡು, ಕಾಯಿ ಕರ್ಪೂರ ಬೆಲ್ಲಕ್ಕೆ ಒಂದು. ಒಳಗೆ ಸುತ್ತ ಹಾಸುವ ಹುಲ್ಲು ಮನೆಯದೇ. ಇಷ್ಟರಲ್ಲಿ ಮೂವತ್ತು ಚೀಲ ಬಿಳಿಜೋಳ ನೆಲದೊಳಗೆ ಸೇರಿ, ಹದಿನಾಲ್ಕು ಮಂದಿಯ ಮನೆಗೆ ವರ್ಷದ ರೊಟ್ಟಿ ಗಟ್ಟಿಯಾಯಿತು. ಎಪ್ಪತ್ತೆಂಟರ ವಯಸ್ಸಿನಲ್ಲಿ ತಾನೇ ಒಳಗಿಳಿದು ಎರಡು ದಿನ ದುಡಿದದ್ದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಯವರಿಗಾಗಿ ದುಡಿದದ್ದನ್ನು ಅವನು ಎಂದೂ ಹಿಡಿದವನಲ್ಲ.

ಹಗೇವು ಅಂದರೆ ಅಂಗಳದಲ್ಲಿ ತೋಡಿದ ಕಾಳಿನ ಬಾವಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಕಾಳಿಗೆ ಹುಳವಿಲ್ಲ, ಇಲಿಯಿಲ್ಲ. ಆದರೆ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ಉಸಿರೆತ್ತಲು ಬಿಡುವುದಿಲ್ಲ. ಮಡಿವಾಳೆಪ್ಪನ ತಮ್ಮ ಈರಪ್ಪ ಹಾಗೆ ಅವಸರ ಮಾಡಿ ಇಳಿದವನು ಹೆಣವಾಗಿ ಮೇಲೆ ಬಂದಿದ್ದ. ಅಂದಿನಿಂದ ಆ ಮನೆಯಲ್ಲಿ ಹಗೇವಿಗೆ ಇಳಿಯುವವನು ಮಡಿವಾಳೆಪ್ಪ ಒಬ್ಬನೇ. ಮಕ್ಕಳಿಗೆ ಮೀಸೆ ಬಂದವು, ಮೊಮ್ಮಕ್ಕಳೂ ಆದವು, ಆದರೂ ಯಾರನ್ನೂ ಬಾಯಿಯ ಹತ್ತಿರ ಬಿಡಲಿಲ್ಲ.

ಇಳಿಯುವಾಗ ನಡುವಿಗೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಹೆಂಡತಿ ಶಿವಗಂಗವ್ವನ ಕೈಗೆ ಕೊಡುತ್ತಿದ್ದ. ಗಟ್ಟಿ ಆಳುಗಳು ಬಾಜುವಿನಲ್ಲೇ ನಿಂತಿದ್ದರೂ ಅವರಿಗೆ ಕೊಡುತ್ತಿರಲಿಲ್ಲ. ಊರ ಮಂದಿ ನಗುತ್ತಿದ್ದರು.

"ಏನೋ ಮಡಿವಾಳೆಪ್ಪಾ, ಹಗ್ಗ ಹೇಣ್ತಿ ಕೈಯಾಗ ಕೊಟ್ಟು ಇಳೀತೀಯಲ್ಲೋ?"

"ನಿಮ್ಮ ಕೈಯಾಗ ಕೊಟ್ರ ಬೀಡಿ ಹಚ್ಚಾಕ ಬಿಟ್ಟೀರಿ. ಈಕಿ ಬಿಡಂಗಿಲ್ಲ. ಈಕಿದು ನನ್ನ ಕೂಡ ಜಗಳಾನ ಇನ್ನೂ ಮುಗದಿಲ್ಲ."

ಶಿವಗಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹಗ್ಗದ ವಿಷಯದಲ್ಲಿ ಊರ ಮಂದಿಗೆ ತಿಳಿಯದ ಮಾತೊಂದಿತ್ತು. ಆ ಕಾಲದ ಮನೆ. ಅತ್ತೆ ಮಾವ, ಮೈದುನಂದಿರ ಎದುರು ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವಂತಿರಲಿಲ್ಲ. "ಏ", "ಇಲ್ಲಿ ಕೇಳು", ಮಕ್ಕಳಾದ ಮೇಲೆ "ಈರಬಸ್ಯಾನ ಅವ್ವ", ಅಷ್ಟೇ. ಹಗೇವಿನ ತಳಕ್ಕಿಳಿದ ಮೇಲೆ ಮಾತ್ರ ಅವನು ಅಲ್ಲಿಂದ "ಗಂಗೀ" ಅನ್ನುತ್ತಿದ್ದ. "ಗಂಗೀ, ಜ್ವಾಳ ಘಮ್ ಅಂತೈತಿ." ಬಾಯಿಗೆ ಬಗ್ಗಿ ನಿಂತವಳಿಗೆ ಮಾತ್ರ ಅದು ಕೇಳುತ್ತಿತ್ತು. ಅತ್ತೆ ಮಾವ ಹೋಗಿ ಎಷ್ಟೋ ವರ್ಷವಾದರೂ ಆ ರೂಢಿ ಬದಲಾಗಲಿಲ್ಲ. ವರ್ಷಕ್ಕೆ ತುಂಬುವಾಗ ಒಮ್ಮೆ, ತೆಗೆಯುವಾಗ ಒಮ್ಮೆ. ಅಷ್ಟಕ್ಕಾಗಿಯೇ ಆಕೆ ವರ್ಷವೆಲ್ಲ ಕಾಯುತ್ತಿದ್ದಳು ಅಂದರೂ ತಪ್ಪಲ್ಲ.

ಮುಚ್ಚುವ ಮುನ್ನ ಮನೆಯವರೆಲ್ಲ ಒಂದೊಂದು ಬೊಗಸೆ ಜೋಳ ಹಾಕಬೇಕು, ಇದು ಅವನು ಹಾಕಿಕೊಟ್ಟ ಪದ್ಧತಿ. ತೊಟ್ಟಿಲ ಕೂಸಿನ ಮುಷ್ಟಿಯಲ್ಲೂ ನಾಲ್ಕು ಕಾಳು ಇಟ್ಟು ಹಾಕಿಸುತ್ತಿದ್ದ. ದೇವಿಕೊಪ್ಪಕ್ಕೆ ಕೊಟ್ಟ ಮಗಳಿಗೆ ಹೇಳಿ ಕಳಿಸುತ್ತಿದ್ದ. ಆಕೆ ಬರಲಾಗದ ವರ್ಷ ಆಕೆಯ ಬೊಗಸೆಯನ್ನು ತಾನೇ ಹಾಕುತ್ತಿದ್ದ. "ಕೊಟ್ಟ ಹೆಣ್ಣು ಹೊರಗಿನಾಕಿ ಅಂತ ಜ್ವಾಳಕ್ಕ ಹ್ಯಾಂಗ ಗೊತ್ತಾಗಬೇಕು?" ಅನ್ನುತ್ತಿದ್ದ.

ಎಪ್ಪತ್ತೇಳನೆಯ ಇಸವಿಯ ಚೈತ್ರದಲ್ಲಿ ಹಾಗೆಯೇ ಎಲ್ಲರ ಬೊಗಸೆ ಹಾಕಿಸಿ, ಕಲ್ಲು ಮುಚ್ಚಿ, ಸಗಣಿ ಮಣ್ಣು ಕಲಸಿ ಮೆತ್ತಿದ. ವಾರ ಕಳೆದಿತ್ತು. ಲಿಂಗಪೂಜೆ ಮುಗಿಸಿ, ಉಂಡು, ಗೋಡೆಗೆ ಒರಗಿ ಕೂತವನು ಮೇಲೇಳಲಿಲ್ಲ. ಹೊಲದಲ್ಲಿ ಮಣ್ಣು ಮಾಡಿ ಬಂದರು.

ಶಿವಗಂಗವ್ವ ದೊಡ್ಡದಾಗಿ ಅಳಲಿಲ್ಲ. ಬಂದ ಬೀಗರೆಲ್ಲ ಹೋದ ಮೇಲೆ ಅಂಗಳ ಗುಡಿಸುತ್ತಿದ್ದವಳು ಹಗೇವಿನ ಬಾಯಿಯ ಹತ್ತಿರ ನಿಂತುಬಿಟ್ಟಳು. ಒಣಗಿದ ಮಣ್ಣಿನ ಮೇಲೆ ಅವನ ಬೆರಳುಗಳು ಎದ್ದು ಕಾಣುತ್ತಿದ್ದವು. ಬಲಗೈ ಕಿರುಬೆರಳು ಹಳೆಯ ಗಾಯಕ್ಕೆ ಸೊಟ್ಟಗಾಗಿತ್ತು. ಆ ಸೊಟ್ಟ ಗುರುತೂ ಹಾಗೇ ಇತ್ತು. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಆಕೆ ಕಸಬರಿಗೆ ಕೆಳಗಿಟ್ಟು, ಸೆರಗಿನಿಂದ ಮೇಲಿನ ಧೂಳು ಒರೆಸಿದಳು.

ಬೇಸಗೆಯ ಬಿಸಿಲಿಗೆ ಮೊದಲ ಮೆತ್ತು ಬಿರಿಯುತ್ತದೆ. ಅದಕ್ಕೇ ಮುಂಗಾರಿನ ಮಿರಗದ ಮಳೆಗೆ ಮೊದಲು ಮತ್ತೊಂದು ಮೆತ್ತು ಹಚ್ಚುವುದು ರೂಢಿ. ಹಿರಿಯ ಮಗ ಈರಬಸಪ್ಪ ಮಣ್ಣಿನ ಬುಟ್ಟಿ ಹೊತ್ತು ಬಂದ.

"ಸರಿ ಬೇ ಯವ್ವಾ, ಒಂದು ಮೆತ್ತು ಹಚ್ಚಿಬಿಡ್ತೇನಿ. ಮ್ವಾಡಾ ಆಗೇತಿ."

"ಮುಟ್ಟಬ್ಯಾಡ."

"ಮುಟ್ಟಬ್ಯಾಡ ಅಂದ್ರ? ಅಪ್ಪಾ ವರ್ಷಾ ಹಚ್ತಿದ್ದಿಲ್ಲೇನು?"

"ಅವರು ಹಚ್ತಿದ್ರು. ನೀ ಅವರಲ್ಲ."

ಐವತ್ತರ ಹತ್ತಿರ ಬಂದಿದ್ದ ಮಗ ಆ ಮಾತಿಗೆ ಮುಖ ಸಣ್ಣದು ಮಾಡಿಕೊಂಡು ಬುಟ್ಟಿ ಇಳಿಸಿದ. ಹೊಸ ಮಣ್ಣು ಬಿದ್ದರೆ ಬೆರಳು ಮುಚ್ಚಿ ಹೋಗುತ್ತವೆ ಅನ್ನುವುದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ತಾಡಪತ್ರಿ ತರಿಸಿ ಹೊದಿಸಿ, ನಾಲ್ಕು ಕಡೆ ಕಲ್ಲು ಹೇರಿದಳು.

ಪಕ್ಕದ ಮನೆಯ ಖಾದರಬಿ ಕಟ್ಟೆಯ ಮೇಲಿಂದ ನೋಡುತ್ತಿದ್ದಳು. "ಯಕ್ಕಾ, ಹಸಗೂಸಿಗೆ ಹೊಚ್ಚಿದಂಗ ಹೊಚ್ಚೀಯಲ್ಲ. ಇನ್ನ ಜೋಗುಳಾ ಒಂದ ಬಾಕಿ ನೋಡು."

"ನೀ ಹಾಡು ಬಾರಬೇ."

"ನನ್ನ ದನಿ ಕೇಳಿದ್ರ ನಿನ್ನ ಜ್ವಾಳ ಎದ್ದು ಓಡಿ ಹೊಕ್ಕಾವು."

ಇಬ್ಬರೂ ನಕ್ಕರು. ಆ ವರ್ಷ ಮಳೆ ಬಿಡದೆ ಹಿಡಿಯಿತು.

ಶ್ರಾವಣದ ಹೊತ್ತಿಗೆ ಮನೆಯೊಳಗೆ ಚೀಲದಲ್ಲಿದ್ದ ಜೋಳ ತೀರಿತು. ಹಗೇವು ತೆಗೆಯುವ ಮಾತು ಬಂದಾಗಲೆಲ್ಲ ಶಿವಗಂಗವ್ವ "ಇನ್ನೊಂದು ವಾರ ತಡೀರಿ" ಅನ್ನುತ್ತಿದ್ದಳು. ವಾರ ಮುಗಿದರೆ ಮತ್ತೊಂದು ವಾರ. ಕುಂದಗೋಳದ ಸಂತೆಯಿಂದ ಜೋಳ ಕೊಂಡು ತಂದರು. ಸೊಸೆ ಸಾವಿತ್ರೆವ್ವ ರೊಟ್ಟಿ ಬಡಿಯುತ್ತ ಸಿಡಿದಳು.

"ನೋಡ್ರಿ ಅತ್ತಿ, ಈ ಹಿಟ್ಟಿಗೆ ಜಿಗೀನ ಇಲ್ಲ. ಬಡದ್ರ ಅಂಚೆಲ್ಲಾ ಹರೀತಾವ. ಅಂಗಳದಾಗ ಮೂವತ್ತು ಚೀಲ ಇಟಗೊಂಡು ಸಂತಿ ಜ್ವಾಳ ತಿನ್ನೂ ಮಂದಿ ನಾವ ಇರಬೇಕು."

ಆಕೆ ಹೇಳಿದ್ದು ಖರೆ ಎಂದು ಶಿವಗಂಗವ್ವನಿಗೂ ಗೊತ್ತಿತ್ತು. ಆದರೆ ಹಗೇವು ತೆಗೆದರೆ ರೊಟ್ಟಿಯಾಗುತ್ತದೆ, ತಿಂದರೆ ತೀರುತ್ತದೆ. ಅವನು ಬಿತ್ತಿ, ಬೆಳೆದು, ತನ್ನ ಕೈಯಾರೆ ಇಟ್ಟ ಕಡೆಯ ಕಾಳು ಅದು. ಮುಚ್ಚಿರುವ ತನಕ ಅವನು ಎಲ್ಲೋ ಸಂತೆಗೆ ಹೋಗಿದ್ದಾನೆ ಅನ್ನಿಸುತ್ತಿತ್ತು.

ಭಾದ್ರಪದದ ಒಂದು ಬೆಳಿಗ್ಗೆ ಖಾದರಬಿ ನಗುವಿಲ್ಲದ ಮುಖದಲ್ಲಿ ಬಂದಳು. "ಯಕ್ಕಾ, ಸಿಟ್ಟಾಗಬ್ಯಾಡ. ಗಾಳಿ ನಮ್ಮ ಕಡೆ ಬೀಸಿದಾಗ ಹುಳಿ ಅಂಬಲಿ ವಾಸನಿ ಬರಾಕತ್ತೇತಿ. ನಮ್ಮನಿ ಅಂಬಲಿ ಅಲ್ಲ."

ಶಿವಗಂಗವ್ವ ಓಡಿದಳು. ತಾಡಪತ್ರಿ ಸರಿಸಿ ಮೂಗು ಹಚ್ಚಿದಳು. ಆ ವಾಸನೆಯನ್ನು ಯಾರೂ ಆಕೆಗೆ ಹೇಳಿಕೊಡಬೇಕಾಗಿರಲಿಲ್ಲ. ಕೆಳಗಿನ ಮಣ್ಣು ಅಡ್ಡಡ್ಡ ಬಿರಿದು, ಬಿರುಕಿನಲ್ಲಿ ನೀರು ಹರಿದ ಗುರುತಿತ್ತು. ಯಾರನ್ನೂ ಕರೆಯದೆ ಗುದ್ದಲಿ ತಂದು, ಬೆರಳಿನ ಗುರುತಿದ್ದ ಕಡೆಯೇ ಮೊದಲ ಏಟು ಹಾಕಿದಳು. ಸದ್ದಿಗೆ ಈರಬಸಪ್ಪ ಹೊರಬಂದು ಕೈಯಿಂದ ಗುದ್ದಲಿ ಇಸಿದುಕೊಂಡ. ಇಬ್ಬರೂ ಸೇರಿ ಕಲ್ಲು ಉರುಳಿಸಿದರು.

ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪ ಬಾಯಿ ದಾಟುವುದರೊಳಗೆ ಆರಿತು. ಮರುದಿನವೂ ಆರಿತು; ಕೆಟ್ಟ ಗಾಳಿ ಇನ್ನೂ ಒಳಗೇ ಇತ್ತು.

"ಹೊತ್ತು ಹೋದಂಗ ಇನ್ನಷ್ಟು ಕೆಡತೈತಿ ಯವ್ವಾ. ಮೂಗಿಗೆ ಅರಿವಿ ಕಟಗೊಂಡು ಇಳೀತೇನಿ."

ಶಿವಗಂಗವ್ವ ಬಾಯಿಗೆ ಅಡ್ಡ ಕೂತಳು. "ಕೆಡಲಿ."

"ಇಷ್ಟು ದಿನಾ ಒಂದು ಕಾಳು ಮುಟ್ಟಾಕ ಬಿಡಲಿಲ್ಲ, ಈಗ ಕೆಡಲಿ ಅಂತೀಯಲ್ಲಬೇ!"

"ಜ್ವಾಳಕ್ಕ ಹೇಣ್ತಿ ಮಕ್ಕಳಿಲ್ಲ. ನಿನಗ ಅದಾರ. ದೀಪ ನಿಲ್ಲೂತನಕ ಇಲ್ಲಿಂದ ನಾ ಏಳಂಗಿಲ್ಲ."

ಮೂರನೆಯ ದಿನ ದೀಪ ಉರಿಯಿತು. ಈರಬಸಪ್ಪ ನಡುವಿಗೆ ಹಗ್ಗ ಕಟ್ಟಿಕೊಂಡು ತುದಿಯನ್ನು ತಾಯಿಯ ಕೈಗಿಟ್ಟ. ಹುಟ್ಟಿದಾಗಿನಿಂದ ಅವನು ಆ ಹಗೇವಿಗೆ ಇಳಿದದ್ದು ಅದೇ ಮೊದಲು. ಹಗ್ಗ ಜಗ್ಗಿತು, ಸಡಿಲಾಯಿತು. ಶಿವಗಂಗವ್ವ ಬಾಯಿಗೆ ಬಗ್ಗಿ ನಿಂತಳು. ಇನ್ನೊಂದು ದನಿ ಬರುವುದಿಲ್ಲವೆಂದು ತಿಳಿದೂ ಆಕೆಯ ಕಿವಿ ಕಾದಿತ್ತು.

"ಯವ್ವಾ!" ಮಗನ ದನಿ ಬಂತು. "ಒಂದು ಬಾಜು ಕಪ್ಪಾಗಿ ಹೆಂಟಿ ಕಟ್ಟೇತಿ. ನಡುವಿಂದು ಚಲೋ ಐತಿ, ಬುಟ್ಟಿ ಬಿಡು."

"ಬಿಟ್ಟೆ ತಮ್ಮಾ. ಮಾತಾಡಿಕೋತ ಇರು. ಸುಮ್ಮನಾಗಬ್ಯಾಡ."

ಸಂಜೆಯವರೆಗೆ ಅವನು ತುಂಬುತ್ತ ಹೋದ, ಆಳುಗಳು ಎಳೆದು ಅಂಗಳದಲ್ಲಿ ಸುರಿದರು. ಶಿವಗಂಗವ್ವ ಹಗ್ಗ ಬಿಡಲಿಲ್ಲ.

ಹನ್ನೊಂದು ಚೀಲದಷ್ಟು ಜೋಳ ಎತ್ತುಗಳ ಬಾಯಿಗೂ ಬಾರದೆ ತಿಪ್ಪೆಗೆ ಹೋಯಿತು. ಹತ್ತೊಂಬತ್ತು ಚೀಲ ಉಳಿಯಿತು. ದೇವಿಕೊಪ್ಪದ ಮಗಳಿಗೊಂದು ಚೀಲ ಕೊಟ್ಟು ಮಿಕ್ಕದ್ದನ್ನು ಮನೆಯವರು ಉಂಡರು. ಮರುವರ್ಷ ಕಾರಹುಣ್ಣಿವೆಯ ಹೊತ್ತಿಗೆ ಅದೂ ತೀರಿತು. ಆಮೇಲೆ ಮಡಿವಾಳೆಪ್ಪ ಬೆಳೆದ ಜೋಳದ ಒಂದು ಕಾಳೂ ಆ ಮನೆಯಲ್ಲಿ ಇರಲಿಲ್ಲ.