ಎಂಟನೇ ಕ್ಲಾಸಿನ ಮೂರನೇ ಗುಂಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಗಂಡ ಊರಿಗೆಲ್ಲ ಹೇಳುತ್ತಾರೆ. ಇರಲಿ. ಅವರ ಹಾಗೆ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡು ಮೇಲೆ ಹಲ್ಲು ಕಿರಿಯುವ ಅಭ್ಯಾಸ ನನಗಿಲ್ಲ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತೇವೆ. ನಾನು ವಿಜ್ಞಾನ, ಅವರು ಲೆಕ್ಕ. ಶಾಲೆಯ ಟೈಮ್‌ಟೇಬಲ್ ಹಾಕುವವರೂ ಅವರೇ. ಯಾರಿಗೆ ಊಟದ ನಂತರದ ತೂಕಡಿಕೆಯ ಪೀರಿಯಡ್ ಬರುತ್ತದೆ ಅನ್ನುವುದು ಅವರ ಕೈಯಲ್ಲಿರುವುದರಿಂದ ಸ್ಟಾಫ್ ರೂಮಿನಲ್ಲಿ ಅವರಿಗೆ ಎಲ್ಲರಿಗಿಂತ ಒಂದು ನಮಸ್ಕಾರ ಹೆಚ್ಚು.

ಈ ವರ್ಷ ಶಾಲೆಯವರು ಎಂಟನೇ ಕ್ಲಾಸಿನ ಮಕ್ಕಳನ್ನು ಮೂರು ಗುಂಪು ಮಾಡಿದರು. ಶುರುವಿನಲ್ಲೇ ಒಂದು ಪರೀಕ್ಷೆ, ಅದೂ ಬರೀ ಲೆಕ್ಕದ್ದು. ಚೆನ್ನಾಗಿ ಮಾಡಿದವರು ಒಂದನೇ ಗುಂಪು, ನಡುವಿನವರು ಎರಡನೆಯದು, ಉಳಿದವರೆಲ್ಲ ಮೂರನೆಯದು. ಲೆಕ್ಕದ ಪಾಠಕ್ಕೆ ಮಾತ್ರ ಹಾಗೆ ಕೂರಿಸಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಅದೇ ಗುಂಪು ಭಾಷೆಗೂ, ಸಮಾಜಕ್ಕೂ, ವಿಜ್ಞಾನಕ್ಕೂ, ಕೊನೆಗೆ ಚಿತ್ರಕಲೆಗೂ! ಭಾಗಾಕಾರ ತಪ್ಪಿದ ಹುಡುಗನ ಕೈಗೆ ಬಣ್ಣದ ಡಬ್ಬಿಯೂ ಸಿಗಬಾರದೇ? ಮೂರನೇ ಗುಂಪಿನವರು ಗಾಜಿನ ಸಾಮಾನು ಒಡೆಯುತ್ತಾರೆ ಅಂತ ಅವರಿಗೆ ಲ್ಯಾಬ್ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೊದಲ ಎರಡು ಗುಂಪಿಗೆ ಪೂರ್ತಿ ವಿಜ್ಞಾನ, ಮೂರನೆಯದಕ್ಕೆ ‘ಸರಳ ವಿಜ್ಞಾನ’ ಅನ್ನುವ ಒಂದು ತೆಳ್ಳಗಿನ ಪುಸ್ತಕ. ಅದನ್ನು ಓದಿಕೊಂಡು ಹೋದವರನ್ನು ಮುಂದೆ ಯಾವ ಕಾಲೇಜೂ ವಿಜ್ಞಾನಕ್ಕೆ ಸೇರಿಸಿಕೊಳ್ಳುವುದಿಲ್ಲ.

ಮೂರನೇ ಗುಂಪಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಸಣ್ಣಗಿದ್ದಾಳೆ ಅಂತ ಎಲ್ಲರೂ ಅವಳನ್ನು ಕಡ್ಡಿ ಅನ್ನುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ಅವಳ ಅಮ್ಮ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗುಂಪು ಮಾಡಿದ ಮಾರನೇ ದಿನ ಆ ಅಮ್ಮ ಒಳ್ಳೆಯ ಸೀರೆ ಉಟ್ಟು, ಮುಖದ ತುಂಬ ನಗು ತುಂಬಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

“ನಮ್ಮ ಮಗು ಮೂರನೆಯವಳಾಗಿ ಬಂದಿದ್ದಾಳಂತೆ ಟೀಚರ್. ಅಷ್ಟು ಮಕ್ಕಳಲ್ಲಿ ಮೂರನೆಯವಳು! ಎಲ್ಲ ನಿಮ್ಮ ದಯ” ಅಂದಳು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ನಕ್ಕವರ ಕಡೆ ಒಂದು ಸಲ ತಿರುಗಿ ನೋಡಿದೆ, ನಗು ಗಂಟಲಲ್ಲೇ ನಿಂತಿತು. ಆ ತಾಯಿಗೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ನಿಮ್ಮ ಮಗಳು ಜಾಣೆ ಅಂತಷ್ಟೇ ಹೇಳಿ ಕಳಿಸಿದೆ.

ಅದು ಸುಳ್ಳೇನಾಗಿರಲಿಲ್ಲ. ಲ್ಯಾಬ್ ಕೊಡದಿದ್ದರೆ ಬೇಡ ಅಂತ ನಾನೊಂದು ದಿನ ಮನೆಯಿಂದಲೇ ತಟ್ಟೆ, ಮೇಣದಬತ್ತಿ, ಗಾಜಿನ ಲೋಟ ತಂದು ಮೂರನೇ ಗುಂಪಿನ ಮೇಜಿನ ಮೇಲೆ ಇಟ್ಟೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಲೋಟ ಬೋರಲು. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. ಒಳಗಿದ್ದ ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು ಅಂದೆ. ನಮಗೆ ಹಾಗೇ ಕಲಿಸಿದ್ದರು.

ಕಡ್ಡಿ ಎದ್ದು ನಿಂತಳು. “ಹಾಗಿದ್ರೆ ಬತ್ತಿ ಉರೀತಿರುವಾಗಲೇ ನೀರು ಸ್ವಲ್ಪ ಸ್ವಲ್ಪ ಏರ್ಬೇಕಿತ್ತಲ್ಲ ಟೀಚರ್? ಅದು ಆರಿದ ಮೇಲೇನೇ ಜೋರಾಗಿ ಏರಿತು. ಬಿಸಿ ಗಾಳಿ ತಣ್ಣಗಾಗಿ ಕುಗ್ಗಿತೇನೋ.”

ನಾನು ಇನ್ನೊಂದು ಸಲ ಹಚ್ಚಿ ನೋಡಿದೆ. ಹುಡುಗಿ ಹೇಳಿದ್ದೇ ಸರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೇ ತುಂಬಿರುವ ಲೋಕದಲ್ಲಿ ಒಬ್ಬಳು ನಿಂತು ಎತ್ತನ್ನು ನೋಡಿದ್ದಳು. ಇಂಥವಳಿಗೆ ‘ಸರಳ ವಿಜ್ಞಾನ’ವಂತೆ!

ಹೆಡ್ ಮೇಡಂ ಕೋಣೆಗೆ ನೆಟ್ಟಗೆ ಹೋದೆ. ಲೆಕ್ಕಕ್ಕೆ ಮಾತ್ರ ಗುಂಪು ಇರಲಿ, ಉಳಿದ ಪಾಠಗಳಿಗೆ ಮಕ್ಕಳನ್ನು ಬೆರೆಸಿ ಕೂರಿಸಿ, ಒಂಬತ್ತಕ್ಕೆ ವಿಜ್ಞಾನ ಕೊಡುವಾಗ ವಿಜ್ಞಾನದ ಅಂಕ ನೋಡಿ ಅಂದೆ. ಅವರು ಕನ್ನಡಕ ಒರೆಸಿಕೊಂಡರು.

“ನನಗೇನೂ ಅಭ್ಯಂತರ ಇಲ್ಲ ಮೇಡಂ. ಟೈಮ್‌ಟೇಬಲ್‌ಗೆ ಹೊಂದಲ್ಲ ಅಷ್ಟೆ. ಬೇಕಾದ್ರೆ ನಿಮ್ಮ ಯಜಮಾನರನ್ನೇ ಕೇಳಿ.”

ಯಜಮಾನರನ್ನು ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ತಲೆ ತಿಂದೆ ಅನ್ನಬೇಕು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಅವರು ಟೈಮ್‌ಟೇಬಲ್ ಹಲಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದರು. ಹಲಗೆಯ ತುಂಬ ಸಣ್ಣ ಮೊಳೆ, ಒಂದೊಂದು ಮೊಳೆಗೆ ಒಂದೊಂದು ಬಣ್ಣದ ರಟ್ಟಿನ ಚೀಟಿ. ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಬಣ್ಣ. ಊಟದ ಮೇಜಿನ ಮೇಲೆ ಅದನ್ನು ಹರವಿಕೊಂಡು ಕೂತೆವು. ಅವರು ನೀಲಿ ಕೀಳುವುದು, ಹಸಿರು ಹಾಕುವುದು, ಇಲ್ಲಿ ಚಿತ್ರಕಲೆಯವರಿಗೆ ಎರಡು ಕಡೆ ಪಾಠ ಬಿತ್ತು ಅಂತ ಮತ್ತೆ ಕೀಳುವುದು. ಸಂಜೆ ಕಾಫಿಯ ಹೊತ್ತಿಗೆ ಅವರು ಮೇಜು ಗುದ್ದಿದರು.

“ಕೂತ್ಕೊಂಡ್ತು ಕಣೇ! ಮೊದಲನೇ ಪೀರಿಯಡ್ ಮೂರೂ ಗುಂಪಿಗೆ ಲೆಕ್ಕ, ಒಂದೇ ಹೊತ್ತಿಗೆ. ಮಿಕ್ಕಿದ್ದೆಲ್ಲ ಬೆರೆಸ್ಬಹುದು. ಒಂದು ಚೀಟಿನೂ ಮಿಗಲಿಲ್ಲ ನೋಡು!”

ಚಿಕ್ಕ ಹುಡುಗನ ಹಾಗೆ ಬೀಗುತ್ತಿದ್ದರು. ಆವತ್ತು ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ, ಅವರಿಗೆ ಡಾಕ್ಟರು ಬೇಡವೆಂದಿದ್ದರೂ.

ಮಾರನೇ ದಿನ ಮೀಟಿಂಗು. ಹೆಡ್ ಮೇಡಂ ಕೇಳಿದರು, “ಏನ್ ಸಾರ್, ಇದು ಆಗುತ್ತಾ?”

ನನ್ನ ಗಂಡ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. “ಕಷ್ಟ ಮೇಡಂ. ಪ್ರಯತ್ನ ಪಟ್ಟೆ. ಆಗಲ್ಲ ಅಂತ ಪೂರ್ತಿ ಹೇಳೋಕಾಗಲ್ಲ, ಆಗುತ್ತೆ ಅಂತಾನೂ...”

ಅಡ್ಡಗೋಡೆ ಮೇಲೆ ದೀಪ ಇಡುವುದು ಅಂದರೆ ಇದೇ. ನಾನು ಕುರ್ಚಿ ಹಿಂದಕ್ಕೆ ತಳ್ಳಿದ ರಭಸಕ್ಕೆ ಅದು ಬಿದ್ದೇಹೋಯಿತು.

“ಸುಳ್ಳು! ನಿನ್ನೆ ಸಂಜೆ ನಮ್ಮನೆ ಊಟದ ಮೇಜಿನ ಮೇಲೆ ಆಯ್ತಲ್ರೀ! ಒಂದು ಚೀಟಿನೂ ಮಿಗಲಿಲ್ಲ ಅಂತ ಮೇಜು ಗುದ್ದಿದವರು ಯಾರು? ಪಕ್ಕದ ಮನೆಯವರಾ?”

ಅವರು ನೆಲ ನೋಡಿದರು. ಆಮೇಲೆ ನಿಧಾನವಾಗಿ ನಿಜ ಹೊರಬಂತು. ಮೂರೂ ಗುಂಪಿಗೆ ಒಂದೇ ಹೊತ್ತಿಗೆ ಲೆಕ್ಕ ಅಂದರೆ ಮೂವರು ಮೇಷ್ಟ್ರು ಬೇಕು. ಒಂದನೇ ಗುಂಪಿಗೆ ಇವರು, ಎರಡನೆಯದಕ್ಕೆ ಈ ವರ್ಷ ಸೇರಿದ ಹೊಸ ಲೆಕ್ಕದ ಮೇಷ್ಟ್ರು. ಮೂರನೆಯದಕ್ಕೆ? ಹಲಗೆಯ ಮೇಲೆ ಆ ಮೊಳೆಗೆ ಅವರು ಯಾರ ಬಣ್ಣವೂ ಅಲ್ಲದ ಬಿಳಿ ಚೀಟಿ ಸಿಕ್ಕಿಸಿದ್ದರು.

“ಮೂರನೇ ಗುಂಪಿಗೆ ಯಾರು ಹೋಗ್ತೀರಿ?” ಹೆಡ್ ಮೇಡಂ ಕೇಳಿದರು.

ಒಬ್ಬರಿಗೆ ಬಿಪಿ. ಒಬ್ಬರಿಗೆ ಸಂಗೀತದ ತರಬೇತಿ. ಒಬ್ಬರಿಗೆ ಆ ಮಕ್ಕಳ ಗಲಾಟೆ ತಡೆಯಲಾಗದು. ನಾನು ನನ್ನ ಗಂಡನನ್ನೇ ನೋಡುತ್ತಿದ್ದೆ. ಅಷ್ಟು ವರ್ಷ ಲೆಕ್ಕ ಹೇಳಿದವರು, ಶಾಲೆಗೇ ಒಳ್ಳೆಯ ಮೇಷ್ಟ್ರು ಅನ್ನಿಸಿಕೊಂಡವರು. ನಾನು ಹೋಗ್ತೀನಿ ಅಂತ ಒಂದು ಮಾತು ಅವರ ಬಾಯಿಂದ ಬರುತ್ತದೇನೋ ಅಂತ ಕಾದೆ. ಅವರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು, ತೆಗೆದರು.

“ನಾನೇ ಹೋಗ್ತೀನಿ” ಅಂದೆ.

“ನಿಮ್ಮ ಪೀರಿಯಡ್ಡು ತುಂಬಿದೆಯಲ್ಲ ಮೇಡಂ. ಹಾಗಾದ್ರೆ ಎಂಟನೇ ಕ್ಲಾಸಿನ ವಿಜ್ಞಾನ ಬಿಟ್ಕೊಡ್ಬೇಕಾಗುತ್ತೆ.”

“ಬಿಟ್ಟೆ.”

ಬಾಯಲ್ಲಿ ಬಿಟ್ಟೆ ಅಂದದ್ದೇನೋ ಸುಲಭ. ಹೊರಗೆ ಬಂದು ನಲ್ಲಿಯ ಹತ್ತಿರ ಎರಡೆರಡು ಸಲ ಮುಖ ತೊಳೆದೆ. ಆ ಕ್ಲಾಸು ನನಗೆ ಪ್ರಾಣ.

ಹೊಸ ಟೈಮ್‌ಟೇಬಲ್ ಗೋಡೆಗೆ ಹತ್ತಿದ ದಿನ ಕಡ್ಡಿ ಮೆಟ್ಟಿಲ ಮೇಲೆ ನನ್ನನ್ನು ಅಡ್ಡಗಟ್ಟಿದಳು. ಖುಷಿಯಾಗಿರುತ್ತಾಳೆ ಅಂದುಕೊಂಡಿದ್ದೆ. ಕಣ್ಣು ಕೆಂಪಗಿತ್ತು.

“ಲ್ಯಾಬಿಗೆ ಹೋಗ್ಬಹುದಂತೆ. ಆದ್ರೆ ಅಲ್ಲಿ ನೀವಿಲ್ವಂತೆ. ನೀವು ನಮಗೆ ಲೆಕ್ಕ ಮಾಡ್ತೀರಂತೆ! ನಂಗೆ ಲೆಕ್ಕ ಬೇಡ ಟೀಚರ್, ನೀವು ವಿಜ್ಞಾನ ಮಾಡಿ.”

“ಬಾಯ್ಮುಚ್ಕೊಂಡು ಲ್ಯಾಬಿಗೆ ಹೋಗು! ಅಲ್ಲಿ ಒಂದು ಲೋಟ ಒಡೆದೆ ಅಂತ ಗೊತ್ತಾದ್ರೆ ಕಿವಿ ಹಿಂಡ್ತೀನಿ” ಅಂತ ಗದರಿದೆ. ಹೋದಳು. ಅವಳು ತಿರುವು ದಾಟುವ ತನಕ ನೋಡುತ್ತ ನಿಂತಿದ್ದೆ.

ಲೆಕ್ಕದ ಮೊದಲ ವಾರ ಹೇಗೋ ಕಳೆಯಿತು. ಎರಡನೇ ವಾರ ಕೂಡುವ, ಕಳೆಯುವ ಗುರುತುಗಳ ಪಾಠ. ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಪೆಟ್ಟಿಗೆ ಹಾಕಿದೆ.

ಕಡ್ಡಿ ಎದ್ದಳು. “ಯಾಕೆ ಟೀಚರ್? ಎರಡು ಸಲ ತಪ್ಪು ಮಾಡಿದ್ರೆ ಸರಿ ಆಗಲ್ಲವಲ್ಲ.”

ನನಗೂ ಗೊತ್ತಿರಲಿಲ್ಲ. ಅದು ಹಾಗೇ ಅಂತ ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಹೇಳ್ತೀನಿ ಅಂದೆ.

ಮೀಟಿಂಗಿನ ದಿನದಿಂದ ಮನೆಯಲ್ಲಿ ನಮಗೆ ಮಾತು ನಿಂತಿತ್ತು. ಉಪ್ಪು ಬೇಕಾದರೆ ಅವರೇ ಎದ್ದು ತೆಗೆದುಕೊಳ್ಳುತ್ತಿದ್ದರು. ಈಗ ಗತಿಯಿಲ್ಲದೆ ನಾನೇ ಬಾಯಿ ಬಿಡಬೇಕಾಯಿತು. ಊಟಕ್ಕೆ ಬಡಿಸುತ್ತ ಕೇಳಿದೆ.

“ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಯಾಕ್ರೀ ಆಗುತ್ತೆ?”

“ಅದು ನಿಯಮ.”

“ನಿಯಮ ಅಂತ ನಂಗೂ ಗೊತ್ತು. ಯಾಕೆ?”

ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ಎಡಗೈಯಿಂದ ಮೇಜಿನ ಮೇಲೆ ಒಂದು ಗೆರೆ ಎಳೆದರು, ಅಲ್ಲಿಗೇ ನಿಲ್ಲಿಸಿದರು. “ಕಾಲೇಜಲ್ಲಿ ಸಾಧಿಸಿ ತೋರಿಸ್ತಿದ್ರು. ಮಕ್ಕಳಿಗೆ ಹೇಳೋ ಹಾಗೆ... ಗೊತ್ತಿಲ್ಲ ಕಣೇ. ಯಾರೂ ಕೇಳಲ್ಲ ಅದನ್ನ.” ತುತ್ತನ್ನು ತಟ್ಟೆಗೆ ಇಟ್ಟು, “ಹೋದ ವರ್ಷ ಒಬ್ಬಳು ಕೇಳಿದ್ಲು” ಅಂದರು.

“ಯಾರು?”

“ಅವಳೇ. ನಿನ್ನ ಕಡ್ಡಿ. ಪಾಠ ಮುಂದಕ್ಕೆ ಹೋಗ್ಬೇಕಿತ್ತಲ್ಲ. ತಲೆಹರಟೆ ಮಾಡ್ಬೇಡ, ಕೂತ್ಕೋ ಅಂದೆ.”

“ಆಮೇಲೆ?”

“ಆಮೇಲೆ ಆ ವರ್ಷವೆಲ್ಲ ಲೆಕ್ಕದ ಕ್ಲಾಸಲ್ಲಿ ಅವಳು ಬಾಯೇ ಬಿಡ್ಲಿಲ್ಲ.”

ಸಾರಿನ ಪಾತ್ರೆ ಕೈಯಲ್ಲಿತ್ತು. ಎಸೆಯಲಿಲ್ಲ, ಅದೇ ದೊಡ್ಡದು. ಕೆಳಗಿಟ್ಟೆ.

“ನಾಳೆ ಮೊದಲನೇ ಪೀರಿಯಡ್ ಮೂರನೇ ಗುಂಪಿಗೆ ಬನ್ನಿ. ಗೊತ್ತಿಲ್ಲ ಅಂತ ಅವಳ ಎದುರಿಗೆ ನಿಂತು ಹೇಳಿ. ಆಮೇಲೆ ಇಬ್ಬರೂ ಕೂತು ಯಾಕೆ ಅಂತ ಹುಡುಕಿ.”

“ನನ್ನ ಒಂದನೇ ಗುಂಪು?”

“ಕಾಯ್ಲಿ” ಅಂದೆ.