ಸೀಟು ಹೊಲಿಯೋನ ಕಾಲುಗವಸು

ನಾನು ವಾಹನದ ಸೀಟಿಗೆ ಕವರ್ ಹೊಲಿಯೋನು. ನಾನು ಹೊಲಿದ ಕವರ್ ಮೇಲೆ ಒಂದೇ ಒಂದು ಸುಕ್ಕು ತೋರಿಸಿ, ಆವತ್ತೇ ಮಿಷಿನ್ ಮುಚ್ಚಿಡ್ತೀನಿ ಅಂತ ಗಿರಾಕಿಗಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೀನೋ ಲೆಕ್ಕವಿಲ್ಲ. "ಇವರಿಗೆ ಅಳತೆ ಕೊಡಿ, ಸಲಹೆ ಮಾತ್ರ ಕೊಡಬೇಡಿ" ಅಂತ ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ನಗ್ತಾಳೆ. ಅವಳು ಹೇಳೋದು ನಿಜ, ಸಲಹೆ ಅಂದ್ರೆ ನನಗೆ ಮೈಯೆಲ್ಲ ಉರಿಯುತ್ತೆ.

ನಮ್ಮ ಮಗಳು ಓಟಗಾರ್ತಿ. ಮೈದಾನದಲ್ಲಿ ಸುತ್ತು ಹಾಕೋ ಓಟ ಅಲ್ಲ, ಕಾಡಿನೊಳಗೆ ನುಗ್ಗೋ ಓಟ. ಕೈಗೊಂದು ನಕ್ಷೆ ಕೊಡ್ತಾರೆ. ಪೊದೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಾವುಟ ಕಟ್ಟಿರ್ತಾರೆ. ಎಲ್ಲವನ್ನೂ ಮುಟ್ಟಿ ಮೊದಲು ವಾಪಸ್ ಬಂದೋರು ಗೆದ್ದ ಹಾಗೆ. ದಾರಿ ಅಂತ ಏನೂ ಇರಲ್ಲ, ಬರೀ ಮುಳ್ಳು. ಅಭ್ಯಾಸ ಮುಗಿಸಿ ಮನೆಗೆ ಬಂದಾಗಲೆಲ್ಲ ಅವಳ ಮೊಣಕಾಲಿನ ಕೆಳಗೆ ಗೀರೋ ಗೀರು. ಬೇರೆ ಮಕ್ಕಳು ಮೊಣಕಾಲಿಂದ ಪಾದದವರೆಗೆ ದಪ್ಪ ಬಟ್ಟೆಯ ಗವಸು ಕಟ್ಟಿಕೊಳ್ತಾರೆ, ಅಂಗಡಿಯಲ್ಲಿ ಸಿಗುತ್ತೆ ಅಂತ ಹೇಳಿದ್ಲು. ಒಂದು ಜೊತೆ ತಂದು ತೋರಿಸಿದ್ಲು ಕೂಡ. ಜೋಲಾಡ್ತಿತ್ತು.

"ಇದೇನು ದಿಂಬಿನ ಚೀಲಾನಾ? ವಾಪಸ್ ಕೊಟ್ಟು ಬಾ, ನಾನು ಹೊಲಿದುಕೊಡ್ತೀನಿ" ಅಂದೆ.

ಲಾರಿ ಸೀಟಿಗೆ ಹಾಕೋ ಗಟ್ಟಿ ಬಟ್ಟೆ ತೆಗೆದೆ. ಅವಳನ್ನ ಸ್ಟೂಲ್ ಮೇಲೆ ಕೂರಿಸಿ ಕಾಲಿಗೆ ಟೇಪ್ ಸುತ್ತಿ, ಸೀಟಿಗೆ ಎಷ್ಟು ಬಿಗಿ ಹಿಡೀತೀನೋ ಅಷ್ಟೇ ಬಿಗಿ ಹಿಡಿದು ಹೊಲಿದೆ. ಹೊರಗಡೆ ನೋಡಿದ್ರೆ ನುಣ್ಣಗೆ, ಒಂದು ಸುಕ್ಕಿಲ್ಲ. ಅವಳ ಕೋಚ್ ಮೇಡಂ ಒಂದು ದಿನ ಅಂಗಡಿ ಕಡೆ ಬಂದೋರು ಗವಸಿನ ಒಳಗೆ ಬೆರಳಾಡಿಸಿದ್ರು.

"ಒಳಗಡೆ ಹೊಲಿಗೆ ತುಂಬ ದಪ್ಪ ಇದೆಯಲ್ಲ. ಮೆತ್ತಗಿನ ಬಟ್ಟೆ ಏನಾದ್ರೂ ಕೊಡಿ. ಸ್ವಲ್ಪ ಸಡಿಲಾನೂ ಇರಲಿ, ಓಡುವಾಗ ಮೀನಖಂಡ ಉಬ್ಬುತ್ತೆ."

"ಮೇಡಂ, ನಿಮಗೆ ಓಡೋದು ಹೇಗೆ ಅಂತ ನಾನು ಹೇಳಿಕೊಡ್ತೀನಾ?" ಅಂದುಬಿಟ್ಟೆ. ಅವರು ಗವಸು ಮೇಜಿನ ಮೇಲಿಟ್ಟು ಹೋದ್ರು. ನಮ್ಮ ಕಸುಬಲ್ಲಿ ಚಂದ ಎಲ್ಲ ಹೊರಗೆ, ಗಂಟು-ಮಡಿಕೆ ಎಲ್ಲ ಒಳಗೆ. ಕವರ್ ಒಳಗಿನ ಸ್ಪಂಜು ಇವತ್ತಿನವರೆಗೂ ನನ್ನ ಹತ್ರ ದೂರು ತಂದಿಲ್ಲ. ಮಗಳು ಕಟ್ಟಿಕೊಂಡು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು "ಚೆನ್ನಾಗಿದೆ ಅಪ್ಪ" ಅಂದ್ಲು. ಓಡಿ ನೋಡು ಅಂತ ನಾನು ಹೇಳಲೇ ಇಲ್ಲ.

ಹೋದ ಭಾನುವಾರ ಆಯ್ಕೆಯ ಓಟ. ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಅದು ಇವಳಿಗೆ, ಇಲ್ಲ ನಮ್ಮ ಬೀದಿ ಬೇಕರಿಯವರ ಮಗಳಿಗೆ. ಮುಂದಿನ ವರ್ಷಕ್ಕೆ ಇವಳ ವಯಸ್ಸು ಮೀರಿಹೋಗುತ್ತೆ, ಅಂದ್ರೆ ಇದೇ ಕೊನೇ ಅವಕಾಶ. ನಾನು ಬೆಳಗ್ಗೆಯಿಂದ ಓಟ ಮುಗಿಯೋ ಗೆರೆ ಪಕ್ಕದಲ್ಲೇ ನಿಂತು, ಸಿಕ್ಕಸಿಕ್ಕವರಿಗೆಲ್ಲ ನನ್ನ ಗವಸಿನ ಪುರಾಣ ಬಿಚ್ಚಿದ್ದೆ. "ಸಾಕು ಮಾಡ್ರೀ" ಅಂತ ಹೆಂಡತಿ ಮೊಣಕೈಯಲ್ಲಿ ತಿವಿದ್ರೂ ಕೇಳಲಿಲ್ಲ.

ಮರಗಳ ಸಂದಿಯಿಂದ ಮೊದಲು ಬಂದಿದ್ದು ಬೇಕರಿಯವರ ಮಗಳು. ನಮ್ಮವಳು ಅವಳ ಹಿಂದೆಯೇ ಬಂದ್ಲು, ಇನ್ನೊಂದು ಚೂರು ಬೇಗ ಬಂದಿದ್ರೆ ಜಾಗ ಇವಳದೇ ಆಗ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಎಲ್ಲಿ ನಿದ್ದೆ ಹೊಡೀತಿದ್ದೆ?"

"ದಾರಿ ತಪ್ಪಿತಪ್ಪ" ಅಂದ್ಲು, ಏದುಸಿರು ಬಿಡ್ತಾ.

"ಕೈಯಲ್ಲಿ ನಕ್ಷೆ ಇಟ್ಟುಕೊಂಡು ದಾರಿ ತಪ್ತಾರಾ? ನೋಡಿ ಸ್ವಾಮಿ ಎಲ್ಲರೂ" ಅಂತ ಅವಳ ಕಾಲು ತೋರಿಸಿದೆ. "ಒಂದು ಗೀರಿದೆಯಾ? ಗವಸು ಅದರ ಕೆಲಸ ಮಾಡಿದೆ. ಓಡಬೇಕಾದವಳು ಮಾಡಿಲ್ಲ."

ಬೇಕರಿಯವರ ಮಗಳ ಗವಸು ಹರಿದು ದಾರ ಕಿತ್ತು ಬಂದಿತ್ತು, ತುಂಬ ಮುಳ್ಳು ಚುಚ್ಚಿಕೊಂಡಿದ್ವು. "ಅಂಗಡಿ ಮಾಲು, ಇನ್ನೇನಾಗುತ್ತೆ" ಅಂತ ಅದಕ್ಕೂ ಒಂದು ಮಾತು ಎಸೆದೆ. ಬೇಕರಿಯವರು ಮುಖ ತಿರುಗಿಸಿದ್ರು. ಕೋಚ್ ಮೇಡಂ ನನ್ನ ಗವಸು ನೋಡಿದ್ರು, ನನ್ನ ಮುಖ ನೋಡಿದ್ರು. ಆಗ ನಾನೂ ಸರಿಯಾಗಿ ನೋಡಿದೆ. ಇಬ್ಬರೂ ಹೋಗಿದ್ದು ಅದೇ ಮುಳ್ಳಿನೊಳಗೆ. ಇವಳದು ಮಾತ್ರ ಈಗ ತಾನೇ ಮಿಷಿನ್‌ನಿಂದ ತೆಗೆದ ಹಾಗಿದೆ. ಅದರ ಕೆಳಗಿನ ಕಾಲುಚೀಲ ಕೆಂಪಾಗಿತ್ತು.

"ಬಿಚ್ಚು ಅದನ್ನ" ಅಂದೆ.

"ಮನೆಗೆ ಹೋಗಿ ಬಿಚ್ತೀನಿ."

ನಾನೇ ಮಂಡಿಯೂರಿ ಬಿಚ್ಚಿದೆ. ನನ್ನ ಹೊಲಿಗೆ ಹೋದ ಕಡೆಯೆಲ್ಲ ಚರ್ಮ ಕಿತ್ತುಹೋಗಿತ್ತು, ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ. ಅದರ ಸುತ್ತ ಹಸಿ ಹಸಿ ಮುಳ್ಳಿನ ಗೀರು, ಕೆಲವು ಕಡೆ ಮುಳ್ಳು ಮುರಿದು ಒಳಗೇ ಉಳಿದಿತ್ತು. ಮುಳ್ಳು ಶುರುವಾಗೋ ಮೊದಲೇ ಗವಸು ಬಿಚ್ಚಿ ಕೈಯಲ್ಲಿ ಹಿಡಿದು, ತೆರೆದ ಕಾಲಿನ ಮೇಲೆ ಅಷ್ಟೂ ಮುಳ್ಳು ತಗೊಂಡು ಓಡಿದ್ಲು ನನ್ನ ಮಗಳು.

"ಕೊನೇ ಬಾವುಟದ ಹತ್ರ ಇವಳೇ ಮುಂದೆ ಇದ್ಲು ಅಂಕಲ್" ಅಂತ ಬೇಕರಿಯವರ ಮಗಳು ಮೆಲ್ಲಗೆ ಹೇಳಿದ್ಲು. "ಮರದ ಹಿಂದೆ ಕೂತು ಇದನ್ನ ಕಟ್ಟಿಕೊಳ್ತಿದ್ಲು. ನಾನು ದಾಟಿ ಬಂದುಬಿಟ್ಟೆ."

ಭೂಮಿ ಬಾಯಿ ಬಿಟ್ಟಿದ್ರೆ ಅಲ್ಲೇ ಇಳಿದುಹೋಗ್ತಿದ್ದೆ. ಅಷ್ಟು ಜನ ನಿಂತಿದ್ರು, ಒಬ್ಬರ ಮುಖವನ್ನೂ ನೋಡೋಕಾಗಲಿಲ್ಲ. ನಾಚಿಕೆ ಅಂದ್ರೆ ಏನು ಅಂತ ಈ ವಯಸ್ಸಿಗೆ ತಿಳೀತು, ಅದೂ ಮಂಡಿಯೂರಿ ಕೂತಾಗ.

"ಯಾಕಮ್ಮ ಮತ್ತೆ ಕಟ್ಟಿಕೊಂಡೆ?" ಅಂದೆ. "ಬಿಸಾಕಿ ಹಾಗೇ ಓಡಿ ಬರಬಾರದಿತ್ತಾ?"

ಅವಳು ಬಗ್ಗಿ ಕಾಲಿಂದ ಒಂದು ಮುಳ್ಳು ಕಿತ್ಲು. ನನ್ನ ಕಡೆ ನೋಡಲಿಲ್ಲ.

"ನೀನು ಗೆರೆ ಹತ್ರಾನೇ ನಿಂತಿರ್ತೀಯ ಅಂತ ಗೊತ್ತಿತ್ತಲ್ಲಪ್ಪ."