ಅಡುಗೆಮನೆ ಬಾಗಿಲಿನ ಪುಲ್ಲಿ

ಸ್ಪ್ಯಾನರ್ ಜಾರಿ ಮಗಳ ಬೆರಳಿನ ಗೆಣ್ಣು ರೇಡಿಯೇಟರಿಗೆ ಬಡಿಯಿತು. ಬೈಗುಳವೊಂದು ಬಾಯಿಗೆ ಬಂದಿತ್ತು. ಒಳಗೆ ಅಪ್ಪನನ್ನು ಮಲಗಿಸಿದ್ದಾರೆಂದು ನುಂಗಿಕೊಂಡಳು. ಆಮೇಲೆ ಆ ಬೈಗುಳ ಕಲಿಸಿದ್ದೂ ಅಪ್ಪನೇ ಎಂಬುದು ನೆನಪಾಗಿ ಮೆಲ್ಲಗೆ ಬೈದೇಬಿಟ್ಟಳು.

"ಹೆಣ ಮುಂದಿಟ್ಕೊಂಡು ಗಾಡಿ ಬಿಚ್ಚೋ ಮನೆ ಪ್ರಪಂಚದಲ್ಲಿ ಇದೊಂದೇ ಇರ್ಬೇಕು," ಎಂದರು ದೊಡ್ಡಪ್ಪ, ಸತ್ತವನ ಅಣ್ಣ. ಇಸ್ತ್ರಿ ಮಾಡಿದ ಬಿಳಿ ಶರ್ಟಿಗೆ ಗ್ರೀಸ್ ತಾಗೀತೆಂದು ಕಾರಿನಿಂದ ಮಾರು ದೂರವೇ ನಿಂತಿದ್ದರು. "ಶವದ ವ್ಯಾನಿಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತು."

"ಅಮ್ಮನಿಗೆ ನೀವೇ ಹೇಳಿ ದೊಡ್ಡಪ್ಪ."

ಹೇಳಿ ನೋಡಿಯಾಗಿತ್ತು. ಬೆಳಿಗ್ಗೆ ಅವರು ಫೋನ್ ಕೈಗೆತ್ತಿಕೊಂಡಾಗ ಅತ್ತು ಅತ್ತು ದನಿ ಬಿದ್ದುಹೋಗಿದ್ದ ತಮ್ಮನ ಹೆಂಡತಿ, ಅಂದರೆ ಮಗಳ ಅಮ್ಮ, ಬಾಯಿ ಬಿಟ್ಟಿದ್ದಳು. "ಬೇಡ ಭಾವ. ಅವರು ಅವರ ಕಾರಲ್ಲೇ ಹೋಗ್ಲಿ. ನಿಧಾನಕ್ಕೆ ಹೋಗ್ಲಿ. ನಾನು ಹಿಂದೆ ನಡ್ಕೊಂಡು ಬರ್ತೀನಿ. ಇಷ್ಟು ವರ್ಷ ಅವರ ಪಕ್ಕ ಜೀವ ಕೈಲಿ ಹಿಡ್ಕೊಂಡು ಕೂತಿದ್ದೀನಿ. ಒಂದು ಸಲನಾದ್ರೂ ಜೊತೇಲಿ ನಡೀಬೇಕು."

ಕಾರೇನೋ ಇತ್ತು. ಉದ್ದ ಡಿಕ್ಕಿಯ ಹಳೆಯ ಕಾರು. ಹಿಂದಿನ ಸೀಟು ಮಡಚಿದರೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದು. ಆದರೆ ಅದಕ್ಕೆ ಓಡುವುದು ಗೊತ್ತಿತ್ತೇ ಹೊರತು ನಡೆಯುವುದು ಗೊತ್ತಿರಲಿಲ್ಲ. ಇಂಜಿನ್ನಿನ ಸುತ್ತ ತಣ್ಣೀರು ಹರಿಸುವ ಪಂಪಿಗೆ ಕಂಪನಿಯವರು ಕೊಟ್ಟಿದ್ದ ಚಿಕ್ಕ ಪುಲ್ಲಿಯನ್ನು, ಅಂದರೆ ಬೆಲ್ಟು ಸುತ್ತುವ ಗಾಲಿಯನ್ನು, ರೇಸಿನ ಹುಚ್ಚಿದ್ದ ಅಪ್ಪ ಯಾವ ಕಾಲದಲ್ಲೋ ಕಿತ್ತು, ತಾನೇ ಲೇತಿನಲ್ಲಿ ಕಡೆದ ದೊಡ್ಡದನ್ನು ಹಾಕಿದ್ದ. ಪುಲ್ಲಿ ದೊಡ್ಡದಾದಷ್ಟೂ ಪಂಪು ಸೋಮಾರಿ. ಪಂಪಿಗೆ ಹೋಗಬೇಕಾದ ಶಕ್ತಿ ಚಕ್ರಕ್ಕೆ ಉಳಿತಾಯ. ರೇಸಿನ ವೇಗದಲ್ಲಿ ಇಂಜಿನ್ ಜೋರಾಗಿ ಸುತ್ತುತ್ತದೆ, ಎದುರುಗಾಳಿಯೂ ಇರುತ್ತದೆ, ತೊಂದರೆಯಿಲ್ಲ. ನಡಿಗೆಯ ವೇಗದಲ್ಲಿ ಗಾಳಿಯೂ ಇಲ್ಲ, ನೀರೂ ಹರಿಯುವುದಿಲ್ಲ. ಬೀದಿ ದಾಟುವುದರೊಳಗೆ ಕುದಿದು ನಿಲ್ಲುತ್ತದೆ.

ದಾರಿಯ ಮಧ್ಯೆ ಅಪ್ಪನನ್ನು ಇಟ್ಟುಕೊಂಡು ಕಾರು ಹೊಗೆಯುಗುಳುತ್ತ ನಿಂತರೆ, ಅಮ್ಮ ಹಿಂದೆ ನಿಂತು ಅದನ್ನು ನೋಡಬೇಕಾದರೆ? ಮಗಳಿಗಿದ್ದ ಭಯ ಅದೊಂದೇ. ಅದಕ್ಕೇ ಬಾನೆಟ್ ಎತ್ತಿದ್ದಳು.

*

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗಾಳಿ ಎಂದು. ಕೂತಲ್ಲಿ ಕೂತವನಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಹೆಂಡತಿಯ ಹೊಸ ಪಾತ್ರೆಗಳ ಮುಚ್ಚಳಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ, ಒಂದರಿಂದ ಇನ್ನೊಂದಕ್ಕೆ ದಾರ ಸುತ್ತಿ ಪುಲ್ಲಿಯ ಅಳತೆ ಆರಿಸುತ್ತ ಕೂತ.

"ಈ ಮುಚ್ಚಳ ಒಂದು ಸುತ್ತು ಬಂದ್ರೆ ಇದು ಮುಕ್ಕಾಲು ಸುತ್ತು. ಇನ್ನೂ ದೊಡ್ಡದು ಹಾಕಿದ್ರೆ ಅರ್ಧ. ಅರ್ಧ ಆದ್ರೆ ಅತಿಯಾಗುತ್ತೆ. ಮುಕ್ಕಾಲು ಸಾಕು. ಏನಂತೀಯ?"

ಗಂಡ ಮೊದಲ ಸಲ ಅಭಿಪ್ರಾಯ ಕೇಳಿದ್ದು ಸೀರೆಯ ಬಗ್ಗೆಯಲ್ಲ, ಸಿನಿಮಾದ ಬಗ್ಗೆಯಲ್ಲ, ಇದರ ಬಗ್ಗೆ. ಅವಳು ಯೋಚಿಸಿಯೇ ಕೇಳಿದಳು. "ಎಲ್ಲಾದ್ರೂ ನಿಲ್ಲಬೇಕಾಗಿ ಬಂದ್ರೆ?"

"ನಾವ್ಯಾಕೆ ನಿಲ್ಲಬೇಕು?" ಎಂದು ನಕ್ಕ.

ಮರುದಿನ ಕಿತ್ತ ಪುಲ್ಲಿಯನ್ನು ತಂದು ಗುಜರಿಗೆ ಹಾಕೆಂದ. ಎರಕದ ಕಬ್ಬಿಣ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಅಡುಗೆಮನೆಯ ಚೌಕಟ್ಟು ಓರೆಯಾಗಿದ್ದುದರಿಂದ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅವಳು ಪುಲ್ಲಿಯನ್ನು ಅದಕ್ಕೆ ಒತ್ತಿಟ್ಟಳು. ಮಗಳು ನಡೆಯಲು ಕಲಿತದ್ದು ಅದನ್ನು ಎಡವುತ್ತಲೇ. ಗಾಳಿಯಂತೂ ಕೊನೆಯವರೆಗೂ ಎಡವಿದ.

*

"ಹಳೇ ಪುಲ್ಲಿ ಬೇಕು," ಎಂದ ಬೆಲ್ಟಿನವನು. ಬೆಲ್ಟಿನಂಗಡಿ ಇಟ್ಟುಕೊಂಡಿದ್ದ ಅವನು ರೇಸಿನಲ್ಲಿ ಗಾಳಿಗೆ ಎದುರಾಳಿ, ಉಳಿದ ಹೊತ್ತು ಜೀವದ ಗೆಳೆಯ. "ಪುಲ್ಲಿ ಚಿಕ್ಕದಾದ್ರೆ ಬೆಲ್ಟೂ ಗಿಡ್ಡ ಬೇಕಲ್ಲ, ಅದು ತಂದಿದೀನಿ. ಪುಲ್ಲಿಗೆ ಏನ್ ಮಾಡೋದು? ಈ ಗಾಡಿ ಕಂಪನಿನೇ ಮುಚ್ಚಿಹೋಯ್ತು."

"ಇದ್ರೂ ಇವತ್ತು ಭಾನುವಾರ, ಯಾವ ಅಂಗಡೀನೂ ತೆಗೆದಿರಲ್ಲ," ಎಂದರು ದೊಡ್ಡಪ್ಪ.

ನಡುಮನೆಯಲ್ಲಿ ಗಂಡನ ತಲೆಯ ಹತ್ತಿರ ಕೂತಿದ್ದ ಹೆಂಡತಿ ಅದನ್ನು ಕೇಳಿ ತಲೆಯೆತ್ತಿದಳು. "ಭಾನುವಾರನಾ?" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಎದ್ದು ಒಳಗೆ ಹೋದಳು. ಅಡುಗೆಮನೆಯ ಬಾಗಿಲು ದಢಾರೆಂದು ಮುಚ್ಚಿಕೊಂಡ ಸದ್ದಿಗೆ ಬಂದವರೆಲ್ಲ ಬೆಚ್ಚಿದರು. ಅವಳು ಎರಡೂ ಕೈಯಲ್ಲಿ ಪುಲ್ಲಿ ಹಿಡಿದು ಬಂದಳು.

ನೆಲ ಒರೆಸಿ ಒರೆಸಿ ಅದರ ಬೆಲ್ಟು ಕೂರುವ ತೋಡಿನಲ್ಲಿ ತುಕ್ಕು ಕಟ್ಟಿತ್ತು. "ಅತ್ತಿಗೆ, ಹೀಗೇ ಹಾಕಿದ್ರೆ ಬೆಲ್ಟ್ ತಿಂದ್ಹಾಕುತ್ತೆ," ಎಂದು ಬೆಲ್ಟಿನವನು ಉಪ್ಪುಕಾಗದ ತೆಗೆದ. ಅವಳು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಗಂಡನ ಪಕ್ಕದಲ್ಲೇ ಕೂತು ಉಜ್ಜತೊಡಗಿದಳು. ಕೆಂಪು ಪುಡಿ ಸೀರೆಯ ಮೇಲೆ ಉದುರುತ್ತಿತ್ತು.

"ಅಳೋದು ಬಿಟ್ಟು ತುಕ್ಕು ಉಜ್ತಾ ಕೂತಿದ್ದೀಯಲ್ಲೇ," ಎಂದಳು ಅವಳ ತಂಗಿ.

"ಎರಡೂ ಮಾಡ್ತಿದೀನಿ," ಎಂದಳು. ನಿಜವೇ ಆಗಿತ್ತು.

*

ಆ ತಂಗಿಯ ಮದುವೆಗೆ ಹೋಗುವಾಗಲೇ ಕಾರು ನಿಲ್ಲಬೇಕಾಗಿ ಬಂದದ್ದು. ಮುಂದೆಲ್ಲೋ ಲಾರಿ ಅಡ್ಡ ಬಿದ್ದು ವಾಹನಗಳು ಸಾಲುಗಟ್ಟಿದವು. ಕಾರು ತೆವಳಿತು, ಕುದಿಯಿತು, ನಿಂತಿತು. ರೇಷ್ಮೆ ಸೀರೆಯುಟ್ಟು ಅವಳು ರಸ್ತೆ ಪಕ್ಕ ನಿಂತಳು. ಅವನು ಮನೆಮನೆಗೆ ಹೋಗಿ ನೀರು ಬೇಡಿ ತಂದ. ಮದುವೆಮನೆ ಮುಟ್ಟುವ ಹೊತ್ತಿಗೆ ಕುರ್ಚಿಗಳನ್ನು ಮಡಚಿ ಪೇರಿಸುತ್ತಿದ್ದರು.

ವಾಪಸ್ ಬಂದು ಮನೆಯ ಮುಂದೆ ಇಂಜಿನ್ ಆರಿಸಿ ಅವನೇ ಅಂದ: "ತಪ್ಪಾಯ್ತು ಕಣೇ. ನಿನಗೋಸ್ಕರ ಹಳೇ ಪುಲ್ಲಿನೇ ಹಾಕ್ಬಿಡ್ತೀನಿ. ಬರೋ ಭಾನುವಾರ."

ಸುಳ್ಳು ಹೇಳುವವನಲ್ಲ. ಆದರೆ ಎಲ್ಲ ಭಾನುವಾರಗಳಲ್ಲೂ ಒಂದು ರೇಸ್ ಇರುತ್ತಿತ್ತು, ಇಲ್ಲವೇ ರೇಸಿನ ತಯಾರಿ ಇರುತ್ತಿತ್ತು. ಅವಳು ಮೊದಮೊದಲು ನೆನಪಿಸುತ್ತಿದ್ದಳು, ಆಮೇಲೆ ಬಿಟ್ಟಳು. ಹೋದ ವಾರ ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಏನೋ ಹೇಳಲು ಹೊರಟು, ಉಸಿರು ಸಾಲದೆ ಸುಮ್ಮನಾಗಿದ್ದ.

*

ಮಧ್ಯಾಹ್ನ ಕಾರು ಹೊರಟಿತು. ಮಗಳು ಸ್ಟಿಯರಿಂಗ್ ಹಿಡಿದಿದ್ದಳು. ಬೆಲ್ಟಿನವನು ಬಾನೆಟ್ಟಿಗೆ ಕಿವಿಗೊಟ್ಟು ಪಕ್ಕದಲ್ಲಿ ನಡೆದ. ಹೆಂಡತಿ ಹಿಂದಿನಿಂದ ಡಿಕ್ಕಿಯ ಬಾಗಿಲ ಮೇಲೆ ಅಂಗೈಯಿಟ್ಟಳು.

ಬೀದಿಯ ತಿರುವಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಮಗಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಏರ್ತಾ ಇದೆ ಮಾವ."

"ಏರ್ಲಿ. ಕಂಪನಿಯವರಿಗೂ ಸ್ವಲ್ಪ ಬುದ್ಧಿ ಇತ್ತು ಕಣಮ್ಮ. ನಿಮ್ಮಪ್ಪ ಒಪ್ತಿರಲಿಲ್ಲ ಅಷ್ಟೆ."

ಮುಳ್ಳು ನಡುವಿಗೆ ಬಂತು. ಅಲ್ಲೇ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಡಿಕ್ಕಿಯ ಗಾಜಿಗೆ ಬಾಗಿ ಏನೋ ಹೇಳುತ್ತ ನಡೆಯುತ್ತಿದ್ದಳು, ದಿನವೂ ಊಟದ ಹೊತ್ತಿಗೆ ಹೇಳುತ್ತಿದ್ದ ಹಾಗೆ. ಏರುದಾರಿ ಬಂದಾಗ ದೊಡ್ಡಪ್ಪ ಬಿಳಿ ಶರ್ಟಿನ ತೋಳು ಮಡಚದೆಯೇ ಬಂದು ಕಾರಿಗೆ ಕೈ ಹಚ್ಚಿ ತಳ್ಳಿದರು. ಸ್ಮಶಾನದ ಗೇಟಿನವರೆಗೂ ಕಾರು ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ಓಡಲಿಲ್ಲ.

ಸಂಜೆ ಬಂದವರೆಲ್ಲ ಹೋದ ಮೇಲೆ ಮಗಳು ಕೇಳಿದಳು. "ನಾಳೆ ಬಿಚ್ಚಿ ವಾಪಸ್ ಕೊಡ್ಲಾ ಅಮ್ಮ? ನಿನ್ನ ಬಾಗಿಲಿಗೆ ಬೇಕಲ್ಲ."

"ಬೇಡ. ಗಾಡಿಯಲ್ಲೇ ಇರ್ಲಿ. ಹಾಕ್ತೀನಿ ಅಂದಿದ್ರು, ಹಾಕಿದ ಹಾಗಾಯ್ತು."

ಕಿತ್ತ ದೊಡ್ಡ ಪುಲ್ಲಿ ಮೇಜಿನ ಮೇಲಿತ್ತು. ಅಲ್ಯೂಮಿನಿಯಂ, ಮೈಯೆಲ್ಲ ನಯ, ಅಂಚಿನಲ್ಲಿ ಲೇತಿನ ಸಣ್ಣ ಗೆರೆಗಳು. ಅವಳು ಅದನ್ನು ಒಯ್ದು ಅಡುಗೆಮನೆಯ ಬಾಗಿಲಿಗೆ ಒತ್ತಿಟ್ಟಳು. ಬಾಗಿಲು ಅರೆಗಳಿಗೆ ತಡೆದು, ಪುಲ್ಲಿಯನ್ನು ನೆಲದ ಮೇಲೆ ಕರಕರ ತಳ್ಳಿಕೊಂಡು ಬಂತು. ಮತ್ತೆ ತೆರೆದು ಇಟ್ಟಳು. ಮತ್ತೆ ತಳ್ಳಿತು.

ಮಗಳು ಒಳಗೆ ಬಂದಾಗ ಅಮ್ಮ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ಆ ಹಗುರ ಪುಲ್ಲಿಯನ್ನು ಮಡಿಲಲ್ಲಿಟ್ಟುಕೊಂಡು.